ಎಡಗಡೆಯಿಂದ ಬರುತ್ತಿದ್ದ ನೀಲಿ ಬೆಳಕು

ಚಳ್ಳಕೆರೆ

ಸ್ವಿಟ್ಜರ್ಲೆಂಡಿಗೆ ಹೋಗಿ ಬಂದೆ ಎಂದರೆ ಜನ ಮೊದಲು ಕೇಳುವುದು ಹಿಮದ ಬೆಟ್ಟದ ಬಗ್ಗೆ. ಹಿಮದ ಬೆಟ್ಟ ವಿಮಾನದ ಕಿಟಕಿಯಲ್ಲಿ ಕಂಡಿತಂತೆ. ಕಿಟಕಿ ಪಕ್ಕ ಕೂತಿದ್ದ ನಮ್ಮಕ್ಕ, ಹತ್ತಿ ಒಣಹಾಕಿದ ಹಾಗಿದೆ ಎಂದು ಹೇಳಿ ಪರದೆ ಎಳೆದುಬಿಟ್ಟಳು. ನನಗಂತೂ ಬೆಟ್ಟ ನೋಡುವ ಉಮೇದಿರಲಿಲ್ಲ. ಇದ್ದದ್ದು ಒಂದೇ ಕಣ್ಣು, ಅದೂ ಹೋಗುವ ಹಾದಿಯಲ್ಲಿತ್ತು, ಅದನ್ನು ಉಳಿಸಿಕೊಳ್ಳಲೆಂದೇ ಹೊರಟಿದ್ದೆ.

ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆ ಮಿಲ್ಲು. ರಾಶಿಯಿಂದ ಒಂದು ಹಿಡಿ ಕಾಯಿ ಎತ್ತಿ ಸುಲಿದು ನೋಡಿ, ಇದರಲ್ಲಿ ಎಷ್ಟು ಎಣ್ಣೆ ಇಳಿಯುತ್ತದೆ ಎಂದು ಹೇಳುವುದು ನನ್ನ ಕೆಲಸ. ಒಂದು ಕಣ್ಣಿನಲ್ಲೇ ಇಷ್ಟು ವರ್ಷ ಹೇಳಿದ್ದೇನೆ, ತಪ್ಪಿದ್ದು ಕಡಿಮೆ. ತೊಂಬತ್ತರ ದಶಕದ ಕೊನೆಗೆ ಒಂದು ಬೆಳಿಗ್ಗೆ ಗೋದಾಮಿನಲ್ಲಿ ಚೀಲದ ಸಾಲು ನಡುವೆ ಡೊಂಕಾಗಿ ಕಂಡಿತು. ಹೀಗೇನಯ್ಯಾ ಜೋಡಿಸುವುದು ಎಂದು ಹಮಾಲಿಯನ್ನು ಬೈದೆ. ನನ್ನಿವಾಳ ಹಳ್ಳಿಯ ಆ ಹುಡುಗಾಟವಿಲ್ಲದ ಮನುಷ್ಯ ಸಾಲಿನುದ್ದಕ್ಕೂ ಕೈ ಆಡಿಸಿ, "ನೆಟ್ಟಗೈತಲ್ಲ ಧಣಿ" ಎಂದ. ಮರುದಿನ ಬಾಗಿಲ ಚೌಕಟ್ಟು ಬಾಗಿತು. ವಾರ ಕಳೆಯುವುದರೊಳಗೆ ಹೆಂಡತಿಯ ಮುಖ ದೂರದಲ್ಲಿಟ್ಟ ಹಾಗೆ ಚಿಕ್ಕದಾಯಿತು. ಅವಳಿಗೆ ಹೇಳಲಿಲ್ಲ.

ಬೆಂಗಳೂರಿನ ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದರು. ಕಣ್ಣಿನ ಹಿಂಬದಿಯ ಪರದೆಯ ಅಡಿಯಲ್ಲಿ ರಕ್ತನಾಳಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾಗಿವೆ. ಕ್ಯಾನ್ಸರ್ ಅಲ್ಲ, ಎಲ್ಲಿಗೂ ಹಬ್ಬುವುದಿಲ್ಲ, ಜೀವಕ್ಕೆ ಏನೂ ಮಾಡುವುದಿಲ್ಲ. ಆದರೆ ನೀರು ಒಸರುತ್ತದೆ, ನೀರು ನಿಂತರೆ ಪರದೆ ಕಿತ್ತು ಬರುತ್ತದೆ. ಎರಡು ಸಲ ಲೇಸರ್ ಹೊಡೆದರೂ ಗಂಟು ಜಗ್ಗಲಿಲ್ಲ. ಉಳಿದದ್ದು ವಿಕಿರಣ. ಹೇಳಿದಷ್ಟೇ ಆಳಕ್ಕೆ ಹೋಗಿ ಅಲ್ಲೇ ನಿಂತುಬಿಡುವ ಒಂದು ಬಗೆಯ ಕಿರಣವಿದೆ, ನಮ್ಮ ದೇಶದಲ್ಲಿ ಇನ್ನೂ ಬಂದಿಲ್ಲ, ಬೇಕಾದರೆ ಸ್ವಿಟ್ಜರ್ಲೆಂಡಿನಲ್ಲಿರುವ ನನ್ನ ಗುರುಗಳಿಗೆ ಪತ್ರ ಬರೆಯುತ್ತೇನೆ ಎಂದರು. ಖರ್ಚಿನ ಮಾತು ಇಲ್ಲಿ ಬೇಡ.

ಹೆಂಡತಿ ಮಗಳ ಬಾಣಂತನದಲ್ಲಿದ್ದಳು. ಸುದ್ದಿ ತಿಳಿದು ಮೊಳಕಾಲ್ಮೂರಿನಿಂದ ಗೌರಕ್ಕ ಬಂದಳು. ನನಗಿಂತ ಆರು ವರ್ಷ ದೊಡ್ಡವಳು, ಭಾವ ತೀರಿಕೊಂಡ ಮೇಲೆ ಅವರ ರೇಷ್ಮೆ ಸೀರೆಯ ವ್ಯಾಪಾರವನ್ನು ಒಬ್ಬಳೇ ನಡೆಸುತ್ತಿದ್ದಳು. ನನ್ನ ಎಡಗಣ್ಣು ಹೋದದ್ದು ಏಳನೇ ವಯಸ್ಸಿನಲ್ಲಿ, ಬುಗುರಿಯ ಮೊಳೆ ತಗುಲಿ. ಆ ದಿನ ಅವ್ವ ಹೊಲಕ್ಕೆ ಹೋಗಿದ್ದಳು, ನನ್ನನ್ನು ನೋಡಿಕೊಳ್ಳಬೇಕಾಗಿದ್ದವಳು ಗೌರಕ್ಕ. ಆ ವಿಷಯ ನಾವು ಎಂದೂ ಮಾತಾಡಿದವರಲ್ಲ. ತಾನು ಬರುವುದಾಗಿ ಹೇಳಿ, ಪಾಸ್‌ಪೋರ್ಟಿಗೆ ಎಷ್ಟು ಫೋಟೋ ಬೇಕೆಂದು ಕೇಳಿದಳು.

ಕಣ್ಣಾಸ್ಪತ್ರೆಯ ಊರು

ಮೊದಲು ಒಂದು ದೊಡ್ಡ ಊರಿನಲ್ಲಿ ಸಣ್ಣ ಆಪರೇಷನ್ ಆಯಿತು. ಗಂಟು ಎಲ್ಲಿದೆ ಎಂದು ಕಿರಣಕ್ಕೆ ಗುರುತು ಸಿಗಲೆಂದು ಕಣ್ಣುಗುಡ್ಡೆಯ ಹೊರಗೆ ನಾಲ್ಕು ಲೋಹದ ಬಿಲ್ಲೆ ಹೊಲಿದರು. ಸಾಸಿವೆಗಿಂತ ತುಸು ದೊಡ್ಡವು. ಅವು ಈಗಲೂ ನನ್ನ ಕಣ್ಣಿನಲ್ಲಿವೆ.

ಮೊಳಕಾಲ್ಮೂರಿನಲ್ಲಿ ಎದುರಿನವರಿಗೆ ಕನ್ನಡ ಬರಲಿಲ್ಲವೆಂದರೆ ತೆಲುಗು ಬರುತ್ತದೆ ಎಂದು ಅರ್ಥ. ಅಕ್ಕನಿಗೆ ಇದು ಎಷ್ಟು ರೂಢಿಯೆಂದರೆ, ನರ್ಸಮ್ಮನಿಂದ ಹಿಡಿದು ಟ್ರಾಮಿನ ಡ್ರೈವರಿನವರೆಗೆ ಎಲ್ಲ ಬಿಳಿಯರ ಹತ್ತಿರವೂ ತೆಲುಗಿನಲ್ಲೇ ಶುರುಮಾಡಿದಳು. ಅವರು ಅವರ ಭಾಷೆಯಲ್ಲಿ ಉತ್ತರ ಕೊಟ್ಟರು. ಕೆಲಸವೆಲ್ಲ ಆಗುತ್ತಿತ್ತು, ನನ್ನ ಕಾಲೇಜು ಇಂಗ್ಲಿಷಿಗಿಂತ ಬೇಗ.

ಆ ಆಸ್ಪತ್ರೆಯ ಓಣಿಯಲ್ಲಿ ಒಂದು ಗಾಜಿನ ಕಪಾಟಿತ್ತು. ಕಣ್ಣು ಕಳೆದುಕೊಂಡವರಿಗೆ ಹಾಕುವ ಗಾಜಿನ ಕಣ್ಣುಗಳನ್ನು ಬಣ್ಣದ ಪ್ರಕಾರ ಸಾಲಾಗಿ ಜೋಡಿಸಿದ್ದರು. ಊರಲ್ಲಿ ಅಮ್ಮನವರಿಗೆ ಹರಕೆ ಒಪ್ಪಿಸುವ ಬೆಳ್ಳಿ ಕಣ್ಣು ನೋಡಿದ್ದ ಅಕ್ಕನಿಗೆ ಮೊದಲು ಅವು ಇಷ್ಟವಾದವು. ನೀಲಿ, ಹಸಿರು, ಬೂದು ಎನ್ನುತ್ತಾ ಕೆಳಗಿನ ಸಾಲಿಗೆ ಬಗ್ಗಿದವಳು ತಟ್ಟನೆ ನೆಟ್ಟಗಾದಳು. ಮೂಲೆಯಲ್ಲಿ ನಮ್ಮ ಕಣ್ಣಿನ ಬಣ್ಣದ್ದೇ ಒಂದಿತ್ತು. ನನ್ನ ತೋಳು ಹಿಡಿದು ಎಳೆದುಕೊಂಡು ಹೋದಳು, ಮತ್ತೆ ಆ ಓಣಿಗೆ ಬರಲಿಲ್ಲ.

ನದಿಯ ಪಕ್ಕದ ಊರು

ಕಿರಣ ಕೊಡುವ ಜಾಗ ಬೇರೆ ಊರಿನಲ್ಲಿತ್ತು. ಅದರ ಹೆಸರು ನನ್ನ ನಾಲಗೆಯಲ್ಲಿ ಹೊರಳುವುದಿಲ್ಲ, ಬಿಟ್ಟುಬಿಡುತ್ತೇನೆ. ನವೆಂಬರ್ ತಿಂಗಳು. ನದಿಯಿಂದ ಏಳುವ ಮಂಜು ಮಧ್ಯಾಹ್ನವಾದರೂ ಹೋಗುತ್ತಿರಲಿಲ್ಲ.

ಆ ಊರಿನಲ್ಲಿ ಜನ ಕಾಣುತ್ತಿರಲಿಲ್ಲ. ನಮ್ಮ ಕಡೆ ದನ ಮೇಯುವ ವರವು ಕಾವಲಿನಲ್ಲಿಯೂ ಕಣ್ಣು ಹಾಯುವಷ್ಟು ದೂರ ಯಾರೂ ಇರುವುದಿಲ್ಲ, ಆದರೆ ಅಲ್ಲಿ ಬರೀ ಹುಲ್ಲು, ಎಲ್ಲೋ ದನದ ಗಂಟೆ ಕೇಳಿಸುತ್ತದೆ, ಮನಸ್ಸಿಗೆ ಹಗುರ. ಇಲ್ಲಿ ಮನೆಗಳಿದ್ದವು, ಕಿಟಕಿಯಲ್ಲಿ ಹೂವಿನ ಕುಂಡ, ಒಳಗೆ ದೀಪ, ಒಗೆದು ಇಸ್ತ್ರಿ ಮಾಡಿದ ಪರದೆ. ಮನುಷ್ಯರು ಮಾತ್ರ ಇಲ್ಲ. ದಿನಾ ಬೆಳಿಗ್ಗೆ ರಸ್ತೆಯ ಎಲೆಗಳನ್ನು ಗುಡಿಸಿ ಗುಡ್ಡೆ ಹಾಕಿರುತ್ತಿತ್ತು, ಗುಡಿಸಿದವರನ್ನು ಒಂದು ದಿನವೂ ನೋಡಲಿಲ್ಲ. ನಾವು ನಡೆದು ಹೋದರೆ ಹಿಂದೆ ಪರದೆ ಅಲುಗಿದ ಹಾಗೆ ಅನ್ನಿಸುತ್ತಿತ್ತು. ನನ್ನ ಕಣ್ಣಿನ ದೋಷವೋ ನಿಜವೋ ಹೇಳಲಾರೆ. ಅಕ್ಕ ಮಾತ್ರ ಸೆರಗು ಹೊದ್ದು ನೆಲ ನೋಡಿಕೊಂಡು ನಡೆಯುತ್ತಿದ್ದಳು.

ಒಬ್ಬ ಮುದುಕಿಯ ಮನೆಯಲ್ಲಿ ಎರಡು ಕೋಣೆ ಹಿಡಿದಿದ್ದೆವು. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಆಗದೆ ನಾವು ಬಾಯಿಗೆ ನೀರು ಹಾಕುವವರಲ್ಲ. ಎಂಟನೇ ವಯಸ್ಸಿಗೆ ದೀಕ್ಷೆಯಾದಾಗಿನಿಂದ ನಾನು ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಮುಖದ ಹತ್ತಿರ ಹಿಡಿದು, ರೆಪ್ಪೆ ಬಡಿಯದೆ ನೋಡಿದ್ದೇನೆ. ನಿಜ ಹೇಳಬೇಕೆಂದರೆ ನನಗದು ಹಲ್ಲುಜ್ಜಿದ ಹಾಗೆ, ರೂಢಿ. ಅಕ್ಕನದು ಹಾಗಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಕೂರುತ್ತಾಳೆ. ದೃಷ್ಟಿ ನಿಂತವರಿಗೆ ಒಂದಲ್ಲ ಒಂದು ದಿನ ಬೆಳಕು ಕಾಣುತ್ತದೆ ಎಂದು ದೀಕ್ಷೆ ಕೊಟ್ಟ ಅಯ್ಯನವರು ಹೇಳಿದ್ದರಂತೆ. ಕಂಡಿತೇ ಎಂದು, ಭಾವ ತೀರಿಕೊಂಡ ವರ್ಷ ಅವಳನ್ನು ಒಮ್ಮೆ ಕೇಳಿದ್ದೆ. ಇನ್ನೂ ಇಲ್ಲ, ಕಾಯುತ್ತಿದ್ದೇನೆ ಎಂದಿದ್ದಳು.

ಇಬ್ಬರು ಪರದೇಶಿಗಳು ಅಂಗೈ ನೋಡುತ್ತಾ ಕೂತದ್ದು ಮನೆಯ ಮುದುಕಿಗೆ ಕಂಡಿತು. ಮರುದಿನ ತಿಂಡಿಯ ಹೊತ್ತಿಗೆ ಆಕೆ ಬಂದು ಅಕ್ಕನ ಮುಂದೆ ತನ್ನ ಅಂಗೈ ಚಾಚಿದಳು. ಭವಿಷ್ಯ ಹೇಳುವವರೆಂದು ತಿಳಿದಿದ್ದಳು ಪಾಪ. ಅಕ್ಕ ಬಿಡಿಸಿ ಹೇಳುವ ಗೋಜಿಗೆ ಹೋಗದೆ, ಕೈ ನೋಡಿ ತೆಲುಗಿನಲ್ಲಿ ನಾಲ್ಕು ಒಳ್ಳೆಯ ಮಾತು ಹೇಳಿದಳು. ಆಮೇಲೆ ನಮಗೆ ದಿನಾ ಒಂದೊಂದು ಬೇಯಿಸಿದ ಸೇಬು ಹೆಚ್ಚಾಗಿ ಬರುತ್ತಿತ್ತು.

ಮುಖದ ಅಚ್ಚು

ಕಿರಣ ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕೆ ನನ್ನ ಮುಖದ ಅಚ್ಚು ತೆಗೆದರು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಒತ್ತಿ ಹಿಡಿದರು, ಕ್ಷಣದಲ್ಲಿ ಗಟ್ಟಿಯಾಯಿತು. ಬಲಗಣ್ಣಿನ ಜಾಗ ಮಾತ್ರ ಕತ್ತರಿಸಿ ಬಿಟ್ಟರು. ಅಚ್ಚನ್ನು ಒಯ್ದು ಗೋಡೆಯ ಮೊಳೆಗೆ ತಗುಲಿಹಾಕಿದರು. ಅಲ್ಲಿ ಆಗಲೇ ಏಳೆಂಟು ಮುಖಗಳು ನೇತಾಡುತ್ತಿದ್ದವು, ಎಲ್ಲಕ್ಕೂ ಒಂದೊಂದೇ ಕಣ್ಣಿನ ತೂತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ, ಯಾವುದು ನೀನು ಎಂದು ಕೇಳಿದಳು. ನನಗೂ ಗುರುತು ಹತ್ತಲಿಲ್ಲ.

ಯಂತ್ರ ನೋಡಿಕೊಳ್ಳುವ ಹೆಂಗಸಿನ ಹೆಸರು ಬ್ರಿಗಿಟ್. ನಿಧಾನವಾಗಿ ಇಂಗ್ಲಿಷ್ ಮಾತಾಡುತ್ತಿದ್ದಳು. ಕೊರಳಲ್ಲಿರುವುದನ್ನೆಲ್ಲ ತೆಗೆಯಬೇಕೆಂದಳು. ಬೆಳ್ಳಿ ಕರಡಿಗೆ ತೆಗೆದಿಡುತ್ತೇನೆ, ಆದರೆ ಒಳಗಿನ ಲಿಂಗ ನನ್ನ ಮೈಬಿಟ್ಟು ಹೋಗುವಂತಿಲ್ಲ ಎಂದೆ. ಆಕೆ ಅಲ್ಲಿನ ಡಾಕ್ಟರನ್ನು ಕೇಳಿ ಬಂದು, ಅಂಗೈಯಲ್ಲಿ ಹಿಡಿದು ತೊಡೆಯ ಮೇಲೆ ಇಟ್ಟುಕೊಳ್ಳಬಹುದು, ಹೊರಗೆ ಬಂದ ಮೇಲೆ ವಿಕಿರಣ ಅಳೆಯುವ ಯಂತ್ರ ಹಿಡಿದು ನೋಡುತ್ತೇವೆ ಎಂದಳು. ದಿನಾ ನೋಡಿದರು. ಒಂದು ದಿನವೂ ಅದು ಸದ್ದು ಮಾಡಲಿಲ್ಲ, ಅಕ್ಕನಿಗೆ ಅದರಿಂದ ಕೊಂಚ ನಿರಾಶೆಯಾದಂತಿತ್ತು.

ಕೆಲಸ ಸುಲಭವಾದದ್ದೇ. ಎದುರಿಗೆ ಒಂದು ಕೆಂಪು ಚುಕ್ಕೆ ದೀಪ, ಅದನ್ನೇ ನೋಡುತ್ತಿರಬೇಕು. ನೋಟ ಅಲ್ಲಿ ನಿಂತರೆ ಗಂಟು ಕಿರಣದ ದಾರಿಗೆ ಸರಿಯಾಗಿ ಬರುತ್ತದೆ. ಗಂಟಿನ ಮಗ್ಗುಲಲ್ಲೇ ಕಣ್ಣಿನ ನರವಿತ್ತು. ನೋಟ ಜರುಗಿದರೆ ಕಿರಣ ನರಕ್ಕೆ ಬೀಳುತ್ತದೆ, ಸುಟ್ಟ ನರ ಮತ್ತೆ ಚಿಗುರುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದರು. ಅಭ್ಯಾಸಕ್ಕೆ ಕೂರಿಸಿದಾಗ ನಾನು ಚುಕ್ಕೆ ನೋಡತೊಡಗಿದೆ. ಅವರು ಪಕ್ಕದ ಟೀವಿಯಲ್ಲಿ ನನ್ನ ಕಣ್ಣನ್ನು ತಟ್ಟೆಯಷ್ಟು ದೊಡ್ಡದಾಗಿ ನೋಡುತ್ತಿದ್ದರು. ಇಂಥ ನೆಟ್ಟ ದೃಷ್ಟಿಯನ್ನು ತಾನು ಕಂಡೇ ಇಲ್ಲ ಎಂದಳು ಬ್ರಿಗಿಟ್. ಜಂಭ ಬಂತು, ಸುಳ್ಳು ಹೇಳುವುದಿಲ್ಲ.

ಮೊದಲ ಎರಡು ದಿನ

ಚಿಕಿತ್ಸೆ ನಾಲ್ಕು ದಿನದ್ದು. ಕುರ್ಚಿಗೆ ಕೂರಿಸಿ, ಅಚ್ಚಿನಲ್ಲಿ ಮುಖ ಬಿಗಿದು, ಹಲ್ಲಿಗೆ ಒಂದು ತುಂಡು ಕಚ್ಚಿಸಿ, ರೆಪ್ಪೆಗಳನ್ನು ತಂತಿಯಿಂದ ಅಗಲಿಸಿ ಹಿಡಿದರು. ಆಮೇಲೆ ಎಲ್ಲರೂ ಹೊರಗೆ ಹೋದರು. ಗೋಡೆಯಷ್ಟು ದಪ್ಪದ ಬಾಗಿಲು ಜರುಗಿ ಮುಚ್ಚಿಕೊಂಡಿತು.

ಅಷ್ಟು ಒಂಟಿಯಾಗಿ ನಾನು ಎಂದೂ ಇದ್ದವನಲ್ಲ. ಬಾಯಿ ತೆರೆಯುವಂತಿಲ್ಲ, ಕಣ್ಣು ಮುಚ್ಚುವಂತಿಲ್ಲ. ಎಲ್ಲೋ ಗಂಟೆಯ ಸದ್ದಾಯಿತು. ಕಿರಣ ಬರುತ್ತಿದೆ ಎಂದು ಗೊತ್ತು, ಆದರೆ ಬಿಸಿಯಿಲ್ಲ, ನೋವಿಲ್ಲ, ಸದ್ದಿಲ್ಲ. ಕೆಂಪು ಚುಕ್ಕೆ ನೋಡುತ್ತಿದ್ದೆ. ಆಗ ಎಡಗಡೆ ನೀಲಿಯದೊಂದು ಹೊಳಪು ಎದ್ದಿತು.

ನಲವತ್ತು ವರ್ಷದಿಂದ ನನಗೆ ಎಡಗಡೆ ಎಂಬುದು ಇಲ್ಲ. ಯಾರಾದರೂ ಆ ಕಡೆಯಿಂದ ಬಂದರೆ ತೀರ ಹತ್ತಿರ ಬಂದ ಮೇಲೇ ಗೊತ್ತಾಗುವುದು. ಆ ಕಡೆಯಿಂದ, ಸತ್ತ ಕಣ್ಣಿನ ಕಡೆಯಿಂದ, ಬೆಳಕು ಬಂದು ನಿಂತಿತ್ತು. ಒಂದು ನಿಮಿಷವೂ ಇರಲಿಲ್ಲ, ಬಾಗಿಲು ತೆರೆಯಿತು, ಮುಗಿಯಿತು ಎಂದರು.

ಎರಡನೇ ದಿನವೂ ಬಂತು. ಈ ಸಲ ಅದಕ್ಕೊಂದು ಅಂಚಿತ್ತು. ಡಾಕ್ಟರಿಗೆ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಕಿರಣ ಹಾಯುವಾಗ ಕಣ್ಣಿನ ಪರದೆಯೇ ತಾನಾಗಿ ಬೆಳಕನ್ನು ಹುಟ್ಟಿಸಿಕೊಳ್ಳುತ್ತದೆ, ಬಹಳ ಮಂದಿ ನೀಲಿ ಕಂಡೆವೆಂದು ಹೇಳಿದ್ದಾರೆ ಎಂದರು. ಅವರಿಗೂ ಒಂದೇ ಕಡೆಯಿಂದ ಬರುತ್ತಿತ್ತೇ, ಬಂದು ನಿಲ್ಲುತ್ತಿತ್ತೇ ಎಂದು ಕೇಳಿದೆ. ಡಾಕ್ಟರು ನನ್ನ ಮುಖ ನೋಡಿದರು, ಫೈಲಿನಲ್ಲಿ ಏನೋ ಬರೆದುಕೊಂಡರು.

ಅಕ್ಕನಿಗೆ ಹೇಳಲಿಲ್ಲ. ಯಾಕೆಂದು ಬರೆಯಲು ನಾಚಿಕೆಯಾಗುತ್ತದೆ. ಅವಳು ಅರ್ಧ ಆಯುಷ್ಯ ಕಾದದ್ದು, ಸರಿಯಾಗಿ ಪೂಜೆಯನ್ನೂ ಮಾಡದ ನನಗೆ ಬಂದಿದೆ ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು.

ಮೂರನೇ ದಿನ

ಆ ದಿನ ಕುರ್ಚಿಯಲ್ಲಿ ಕೂತಾಗಲೇ ನಾನು ಕಾಯುತ್ತಿದ್ದೆ. ಗಂಟೆ ಬಾರಿಸುವ ಮೊದಲೇ ಎಡಗಡೆ ಯಾರೋ ಇದ್ದಾರೆಂದು ಅನ್ನಿಸಿತು. ಕಿರಣ ಶುರುವಾಯಿತು, ನೀಲಿ ಎದ್ದಿತು. ಅಂಚು ಮನುಷ್ಯನೊಬ್ಬ ನಿಂತ ಎತ್ತರಕ್ಕಿತ್ತು. ಬೀಸುತ್ತಿರಲಿಲ್ಲ, ಮಿನುಗುತ್ತಿರಲಿಲ್ಲ, ಸುಮ್ಮನೆ ನಿಂತಿತ್ತು. ಅಂಗೈಯಲ್ಲಿ ಲಿಂಗವಿತ್ತು. ಇದನ್ನು ನೋಡುವುದಕ್ಕೇ ಅಲ್ಲವೇ ಎಂಟನೇ ವಯಸ್ಸಿನಿಂದ ದಿನಾ ಕೂರಿಸಿದ್ದು ಎಂದುಕೊಂಡು, ನಾನು ಆ ಕಡೆ ಕಣ್ಣು ತಿರುಗಿಸಿದೆ.

ಕರ್ಕಶವಾಗಿ ಒಂದು ಸದ್ದಾಯಿತು. ಬಾಗಿಲು ಜರುಗಿತು, ಜನ ಓಡಿ ಬಂದರು. ಬ್ರಿಗಿಟ್ ಟೀವಿಯ ಮುಂದೆ ಗುಂಡಿಯ ಮೇಲೆ ಬೆರಳಿಟ್ಟೇ ಕೂತಿರುತ್ತಿದ್ದಳಂತೆ. ಕಣ್ಣು ಅಲುಗಿದ್ದು ಕಂಡ ಕೂಡಲೇ ಕಿರಣ ನಿಲ್ಲಿಸಿದ್ದಳು. ಅವಳೇ ಬಂದು ನನ್ನ ರೆಪ್ಪೆಯ ತಂತಿ ಬಿಡಿಸಿದಳು. ನರಕ್ಕೆ ಎಷ್ಟು ಬಿತ್ತು ಎಂದು ಈಗಲೇ ಹೇಳಲು ಬರುವುದಿಲ್ಲ, ಬಹುಶಃ ಏನೂ ಆಗಿರಲಿಕ್ಕಿಲ್ಲ ಎಂದರು ಡಾಕ್ಟರು. ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಕೊಟ್ಟು ಮುಗಿಸಿದರು. ಆ ಹೊತ್ತಿನಲ್ಲಿ ನೀಲಿ ಬರಲಿಲ್ಲ. ನಾಳೆ ಕೊನೆಯ ದಿನ, ನಾಳೆ ಹೀಗಾದರೆ ನಾನು ಜವಾಬ್ದಾರನಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಗದರಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ.

ಅದೇ ಸಂಜೆ, ನದಿಯ ದಂಡೆ

ಅಕ್ಕನಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ದಂಡೆಯ ಬೆಂಚಿನ ಮೇಲೆ ಕೂತಿದ್ದೆವು. ಮಂಜಿನಲ್ಲಿ ನದಿ ಕಾಣುತ್ತಿರಲಿಲ್ಲ, ಹರಿಯುವ ಸದ್ದು ಮಾತ್ರ ಇತ್ತು. ನನಗೆ ಹೆದರಿಕೆ ಇದ್ದದ್ದು ಒಂದೇ: ಅವಳು ನೋಡು ಎಂದುಬಿಟ್ಟರೆ ನಾನು ನೋಡುತ್ತೇನೆ. ಅವಳ ಮಾತು ಮೀರಿದವನಲ್ಲ.

ಅವಳು ಮೊದಲು ಕೇಳಿದ್ದು ಬಣ್ಣವನ್ನು. ಸೀರೆ ಮಾರುವವಳಿಗೆ ನೀಲಿ ಎಂದರೆ ಸಾಲದು.

"ನವಿಲುಗತ್ತಿನ ನೀಲಿನಾ?"

"ಅದಕ್ಕಿಂತ ಕಡು. ಒಳಗೆ ದೀಪ ಇಟ್ಟಂಗೆ."

"ನಿನ್ನ ಕಡೆ ಮುಖ ಮಾಡಿತ್ತಾ?"

"ಅದನ್ನ ನೋಡಾಕೇ ಅಕ್ಕ ನಾನು ಕಣ್ಣು ತಿರುಗಿಸಿದ್ದು."

ಅವಳು ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ಪೂಜೆಗೆ ಕೂತವಳ ಹಾಗೆ, ಅಂಗೈ ಖಾಲಿಯಿತ್ತು. ಎದುರು ದಂಡೆಯ ಮನೆಗಳಲ್ಲಿ ಒಂದೊಂದೇ ಕಿಟಕಿಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದ ಸದ್ದು ನೀರಿನ ಮೇಲೆ ಬರುತ್ತಿತ್ತು.

"ನೋಡ್ಬ್ಯಾಡ" ಎಂದಳು.

ನೀನೇ ಹೀಗೆ ಹೇಳುತ್ತೀಯಾ ಎಂದೆ. ಡಾಕ್ಟರು ಹೇಳಿದ್ದು ನಿಜವಿರಬಹುದು, ಅದು ಬರೀ ಕಣ್ಣಿನ ಆಟವಿರಬಹುದು, ಆದರೆ ಅಲ್ಲದಿದ್ದರೆ? ಇಷ್ಟು ವರ್ಷ ನೀನು ಕಾದದ್ದು ಅದೇ ಆಗಿದ್ದರೆ? ನನ್ನ ದನಿ ಏರಿತ್ತು.

"ನೋಡ್ಬ್ಯಾಡ ಈರಣ್ಣ. ಬಂದಿರೋರು ಯಾರೇ ಆಗಿರ್ಲಿ, ಕಾಯ್ಲಿ. ಒಂದು ಕಣ್ಣು ಕೊಟ್ಟಾಗೈತೆ."

ಎದ್ದು ನಡೆದಳು. ದಾರಿಯುದ್ದಕ್ಕೂ ನನ್ನ ಎಡಗಡೆಗೇ ನಡೆದಳು.

ನಾಲ್ಕನೇ ದಿನ

ಬಾಗಿಲು ಮುಚ್ಚಿತು, ಗಂಟೆ ಬಾರಿಸಿತು. ನೀಲಿ ತಡಮಾಡಲಿಲ್ಲ. ಈ ಸಲ ಅಂಚಿನಲ್ಲಿ ನಿಲ್ಲಲೂ ಇಲ್ಲ, ಹತ್ತಿರ ಬಂತು. ಯಾರೋ ಬಗ್ಗಿ ನನ್ನ ಮುಖ ನೋಡುತ್ತಿದ್ದ ಹಾಗೆ ಕೆಂಪು ಚುಕ್ಕೆಯ ಮಗ್ಗುಲಿಗೇ ಬಂತು.

ಮನಸ್ಸಿನಲ್ಲಿ ಪಂಚಾಕ್ಷರಿ ಹೇಳುತ್ತಿದ್ದೆ. ಅದು ಕರೆದಂತಾಗುತ್ತದೆಂದು ಭಯವಾಗಿ ನಿಲ್ಲಿಸಿದೆ. ಬದಲಿಗೆ ಮನಸ್ಸಿನಲ್ಲೇ ಚಳ್ಳಕೆರೆಯಲ್ಲಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ತಳಕು ಬಂತು, ಇಳಿಯುವವರು ಇಳಿದರು. ಬಿ.ಜಿ. ಕೆರೆ ಬಂತು. ಎಡಗಡೆ ಅಷ್ಟೊಂದು ಬೆಳಕಿತ್ತು, ಬಸ್ಸಿನ ಎಡ ಕಿಟಕಿಗಳೆಲ್ಲ ನೀಲಿಯಾಗಿದ್ದವು. ನಾನು ಮುಂದಿನ ಗಾಜನ್ನೇ ನೋಡುತ್ತಿದ್ದೆ. ಹಾನಗಲ್ ಹತ್ತಿರವಾಗುತ್ತಿದ್ದಾಗ ಮುಗಿಯಿತು ಎಂದು ಮೈಕಿನಲ್ಲಿ ಬ್ರಿಗಿಟ್ ಹೇಳಿದಳು. ಕಿರಣ ನಿಂತಿತ್ತು. ನೀಲಿ ಇನ್ನೂ ಅಲ್ಲೇ ಇತ್ತು. ಬಾಗಿಲು ಜರುಗುವ ಸದ್ದಾದ ಮೇಲೆ, ಅವಸರವಿಲ್ಲದೆ, ಬಂದ ಕಡೆಗೇ ಹೋಯಿತು. ಡಾಕ್ಟರು ಕೊಟ್ಟ ವಿವರಣೆಗೆ ಇದು ಹೊಂದುವುದಿಲ್ಲ. ಅವರಿಗೆ ಹೇಳಲೂ ಇಲ್ಲ.

ಕಣ್ಣು ಒಂದು ಗೆರೆಯೂ ಜರುಗಲಿಲ್ಲ ಎಂದು ಬ್ರಿಗಿಟ್ ನನ್ನ ಭುಜ ತಟ್ಟಿದಳು. ಪರದೆಯಡಿಯ ನೀರು ಇಂಗಲು ಏಳೆಂಟು ತಿಂಗಳು ಹಿಡಿಯಿತು. ಮೊದಲು ಬಾಗಿಲ ಚೌಕಟ್ಟು ನೆಟ್ಟಗಾಯಿತು, ಆಮೇಲೆ ಪತ್ರಿಕೆಯ ಅಕ್ಷರ. ಈಗ ಮಿಲ್ಲಿನಲ್ಲಿ ಕಾಯಿ ಸುಲಿದು ನೋಡುತ್ತೇನೆ, ಇದನ್ನು ನಾನೇ ಬರೆಯುತ್ತಿದ್ದೇನೆ. ಪೂಜೆಗೂ ಕೂರುತ್ತೇನೆ. ಅಂಗೈಯಲ್ಲಿ ಲಿಂಗ ಕಾಣುತ್ತದೆ, ಬೇರೆ ಏನೂ ಕಾಣುವುದಿಲ್ಲ.

ಆ ದಿನ ಹೊರಗೆ ಬಂದಾಗ ಅಕ್ಕ ಬೆಂಚಿನಿಂದ ಎದ್ದು ನಿಂತಿದ್ದಳು.

"ಬಂದಿತ್ತಾ?"

"ಬಂದಿತ್ತು."

"ನೋಡಿದ್ಯಾ?"

"ಇಲ್ಲಕ್ಕ."

ತಲೆ ಆಡಿಸಿ, ಬಗ್ಗಿ ನನ್ನ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಕೊನೆಯ ಗುಂಡಿ ಹಾಕುವಾಗ ಕೂತುಬಿಟ್ಟಳು, ಮುಖದ ಮೇಲೆ ಸೆರಗು ಎಳೆದುಕೊಂಡು ಗಟ್ಟಿಯಾಗಿ ಅತ್ತಳು. ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡು ಸರದಿಗೆ ಕಾಯುತ್ತಿದ್ದ ಬಿಳಿಯರೆಲ್ಲ ಅವಳನ್ನೇ ನೋಡುತ್ತಿದ್ದರು. ಭಾವ ಹೋದಾಗಲೂ ಅವಳು ಹೀಗೆ ಅತ್ತವಳಲ್ಲ. ನನ್ನ ಕಣ್ಣು ಉಳಿಯಿತೆಂದು ಅತ್ತಳೋ, ತಾನು ಕಾದದ್ದು ಬಾಗಿಲವರೆಗೆ ಬಂದಾಗ ಮುಖ ಕೊಡಬೇಡ ಎಂದು ತಾನೇ ಹೇಳಬೇಕಾಯಿತಲ್ಲ ಎಂದು ಅತ್ತಳೋ, ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಬಂದಿಲ್ಲ.

ಮೊಳಕಾಲ್ಮೂರಿಗೆ ಮರಳಿದ ಮೇಲೆ ಅವಳು ಪೂಜೆಗೆ ಕೂರುವಾಗ ತನ್ನ ಎಡಗಡೆ ಇನ್ನೊಂದು ಮಣೆ ಹಾಕತೊಡಗಿದಳು. ಯಾರಿಗೆ ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.